ಅತ್ತೆಯ ನೂಲು, ಓವನ್ನಿನ ರಾಡ್

ಬಹರೇನಿನ ಗುಫೂಲಿನ ನಮ್ಮ ಫ್ಲ್ಯಾಟಿನಲ್ಲಿ ಓವನ್ ಎಂದರೆ ಒಂದು ಕಪಾಟು. ನಮ್ಮ ಕಡೆಯವರ ಯಾವ ಮನೆಗೆ ಹೋದರೂ ಅಷ್ಟೇ. ಬಾಗಿಲು ತೆಗೆದರೆ ಕಾವಲಿ, ಬಾಣಲೆ, ಮುಚ್ಚಳ ಕಳೆದುಹೋದ ಪ್ಲಾಸ್ಟಿಕ್ ಡಬ್ಬಿಗಳು. ಕೇಕ್ ಮಾಡುವ ದಿನ ಎಲ್ಲವನ್ನೂ ಹೊರಗೆ ಸುರಿಯುವುದು, ಮರುದಿನ ಮತ್ತೆ ತುಂಬುವುದು.

ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆಗೆ ಇದು ಹೇಗೆ ಗೊತ್ತಾಗಬೇಕು? ನಾನು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವಾಗ ಬನ್ಸ್ ಬಿಸಿಯಾಗಿರಲಿ ಎಂದು, ನಾನೇ ಹೇಳಿಕೊಟ್ಟಂತೆ, ಮೊದಲು ಓವನ್ ಕಾಯಲೆಂದು ಸ್ವಿಚ್ ತಿರುಗಿಸಿದ್ದರು. ಡಬ್ಬಿಗಳು ಕರಗಿ ಕೆಳಗಿನ ಬಿಸಿಯಾಗುವ ರಾಡಿನ ಮೇಲೆ ಸುರಿದವು. ರಾಡ್ ಸೀಳಿಹೋಗಿ ಮನೆಯ ಕರೆಂಟೇ ಹೋಯಿತು.

ಡಬ್ಬಿ ಇಟ್ಟವಳು ನಾನು. ಆದರೂ ಬಾಯಿ ನನ್ನದೇ ದೊಡ್ಡದು. "ಗೊತ್ತಿಲ್ಲದ್ದನ್ನು ಮುಟ್ಟಬೇಡಿ ಅತ್ತೆ, ಸುಮ್ಮನೆ ಕೂತ್ಕೊಳ್ಳಿ" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದು ಮೂವರು ಮಕ್ಕಳನ್ನು ಓದಿಸಿದ ಹೆಂಗಸಿಗೆ ನಾನು ಸುಮ್ಮನೆ ಕೂರಲು ಹೇಳಿದ್ದೆ. ಮರುದಿನ ಬೆಳಿಗ್ಗೆ ಅವರು ಮಗನ, ಅಂದರೆ ನನ್ನ ಗಂಡನ ಹತ್ತಿರ, ಟಿಕೆಟು ಈ ವಾರಕ್ಕೇ ಮಾಡಿಸು ಎಂದರು. "ನನಗಿಲ್ಲಿ ಎಂತ ಕೆಲಸ ಉಂಟು?" ಎಂದು ಕೇಳಿದ್ದು ಅವನನ್ನೇ, ಕೇಳಿಸಿದ್ದು ನನಗೆ.

ಹಿದ್‌ನ ಗೋದಾಮಿನಲ್ಲಿ ದಿನವಿಡೀ ಸಾಮಾನು ಎಣಿಸುವ ನನ್ನ ಗಂಡನಿಗೆ ಎಲ್ಲದಕ್ಕೂ ಒಂದೇ ಮದ್ದು, ಹೊಸದು ತರುವುದು. ಅದು ಬೇಡವೆಂದು ನಾನು ಕರೆದ ಬಿಲ್ಡಿಂಗಿನ ರಿಪೇರಿಯವನು ನಾಲ್ಕು ದಿನವೂ "ಬುಕ್ರಾ, ಇನ್ಶಾಅಲ್ಲಾ" ಎಂದ. ಅವನ ನಾಳೆ ಬರಲೇ ಇಲ್ಲ.

ಐದನೆಯ ದಿನ ನನಗೆ ರಜೆ. ಒಮ್ಮೆ ಬಿಚ್ಚಿ ನೋಡಲೇ ಎಂದು ಅತ್ತೆ ಕೇಳಿದರು. ಬೇಡ ಎನ್ನಲು ನನಗೆ ಮುಖವಿರಲಿಲ್ಲ. ಮೇನ್ ಸ್ವಿಚ್ ಆರಿಸಿ, ಇಬ್ಬರೂ ಸೇರಿ ಓವನನ್ನು ಮುಂದೆ ಎಳೆದು ಹಿಂದಿನ ತಗಡು ತೆಗೆದೆವು. ಒಳಗೆ ಒಂದೇ ಬಣ್ಣದ ಬಿಳಿ ವಯರುಗಳ ರಾಶಿ. ಯಾವುದು ಎಲ್ಲಿಗೆ ಎಂದು ನನಗೆ ತಿಳಿಯಲಿಲ್ಲ. ಅತ್ತೆ ಬ್ಯಾಗಿನಿಂದ ನೂಲಿನ ಡಬ್ಬಿ ತಂದರು. ಒಂದು ವಯರಿಗೆ ಕೆಂಪು ನೂಲು, ಅದು ಕೂರುವ ಜಾಗಕ್ಕೂ ಕೆಂಪು ನೂಲು. ಇನ್ನೊಂದಕ್ಕೆ ಹಸಿರು, ಮತ್ತೊಂದಕ್ಕೆ ಹಳದಿ. ಗಂಟು ಹಾಕದೆ ಒಂದನ್ನೂ ಕಳಚಲಿಲ್ಲ. ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಬಟ್ಟೆಯ ತುಂಡಿಗೆ ಚುಚ್ಚಿಟ್ಟರು. ಇಷ್ಟು ವರ್ಷ ಆಪರೇಷನ್ ಥಿಯೇಟರಿನಲ್ಲಿ ನಿಂತ ನಾನು ಅಷ್ಟು ಶಾಂತವಾದ ಕೈಗಳನ್ನು ಕಂಡಿದ್ದು ಕಡಿಮೆ.

ಹಳೆಯ ರಾಡನ್ನು ಅಕ್ಕಿಚೀಲದಲ್ಲಿ ಸುತ್ತಿಕೊಂಡು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆವು. ಅಂಗಡಿಯವನು ನೋಡಿದ ಕೂಡಲೇ ಒಂದು ರಾಡ್ ತಂದು, ಇದೇ ಎಂದು ಹಿಂದಿಯಲ್ಲಿ ಆಣೆ ಹಾಕಿದ. ನನ್ನ ಕಣ್ಣಿಗೂ ಅದೇ. ಹಿಂದಿ ಬಾರದ ಅತ್ತೆ ಟೇಪು ತೆಗೆದು ಎರಡನ್ನೂ ಅಳೆದು, ಹೊಸದರ ಕಾಲುಗಳು ಅರ್ಧ ಇಂಚು ಗಿಡ್ಡ ಎಂದು ಬೆರಳಿನಲ್ಲೇ ತೋರಿಸಿದರು. ಅವನು ತಾನೂ ಅಳೆದು ನೋಡಿ, ಒಳಗೆ ಹೋಗಿ ಬೇರೆ ತಂದ. ಹೊರಡುವಾಗ ಅತ್ತೆಗೆ ಮಾತ್ರ ಸಲಾಂ ಹೇಳಿದ.

ಮನೆಯಲ್ಲಿ ಬಣ್ಣಕ್ಕೆ ಬಣ್ಣ ಕೂಡಿಸಿ ವಯರುಗಳನ್ನು ಕೂರಿಸಿದರು. ಬಿಸಿಗೆ ಸುಡುತ್ತದೆಂದು ಕೊನೆಗೆ ನೂಲುಗಳನ್ನೆಲ್ಲ ಕತ್ತರಿಸಿ ತೆಗೆದರು. ಸ್ವಿಚ್ ಹಾಕುವಾಗ ನಾನು ಕಣ್ಣು ಮುಚ್ಚಿದ್ದೆ. ತೆರೆದಾಗ ರಾಡ್ ನಿಧಾನವಾಗಿ ಕೆಂಪಾಗುತ್ತಿತ್ತು.

"ಅತ್ತೆ, ಅವತ್ತು ನಾನು ಹಾಗೆ ಹೇಳಬಾರದಿತ್ತು" ಎಂದೆ. ಅವರು ಕೇಳಿಸದವರಂತೆ ಒಳಗೆ ಬಗ್ಗಿ ನೋಡುತ್ತಿದ್ದರು.

ಸಂಜೆ ನನ್ನ ಗಂಡ ಬಂದು, ಟಿಕೆಟು ಗುರುವಾರಕ್ಕೆ ಸಿಗುತ್ತದೆ, ಮಾಡಿಸಲೇ ಎಂದು ಕೇಳಿದ. ಅತ್ತೆ ನನ್ನ ಕಡೆ ನೋಡದೆ ಬಿಸಿ ಬನ್ಸ್ ಅವನ ತಟ್ಟೆಗೆ ಹಾಕಿದರು.

"ಈಗ ಬೇಡ. ಮೇಲಿನ ರಾಡೂ ಹಳತಾಗಿದೆ. ಅದು ಹೋಗುವಾಗ ಇವಳೊಬ್ಬಳೇ ಎಂತ ಮಾಡುದು?"