ಗುಂಯ್ ಸದ್ದಿನ ರಿಪೇರಿ

ಅಕ್ಕೂರಿನ ಬಾಲರಾಜುವಿಗೆ ವಾಲ್ವ್ ಆಂಪ್ಲಿಫೈಯರಿನ ಗೀಳು ಹತ್ತಿದ್ದು ಐವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅವನು ಚನ್ನಪಟ್ಟಣದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡು, ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತ ನೆಮ್ಮದಿಯಾಗಿದ್ದ. ಬೀಡಿ ಇಲ್ಲ, ಇಸ್ಪೀಟು ಇಲ್ಲ. ಹೆಂಡತಿ ಬೈರಮ್ಮ ಇದನ್ನು ನೆಂಟರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಈಚೆಗೆ ಹೇಳುವುದನ್ನು ನಿಲ್ಲಿಸಿದ್ದಾಳೆ.

ಆದದ್ದು ಇಷ್ಟು. ಕನಕಪುರದ ಕಡೆಯ ಮೈಕ್‌ಸೆಟ್‌ನವನೊಬ್ಬ ಹಳೆಯ ಆಂಪ್ಲಿಫೈಯರ್ ತಂದು, ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಸುತ್ತಿಕೊಡಿ ಎಂದು ಇಟ್ಟು ಹೋದವನು ತಿರುಗಿ ಬರಲಿಲ್ಲ. ಬಾಲರಾಜು ಒಂದು ಮಳೆಗಾಲ ಕಾದ. ಸುತ್ತಿದ್ದು ಸರಿಯಾಗಿದೆಯೋ ಇಲ್ಲವೋ ನೋಡಬೇಕಲ್ಲ ಎಂದು ಒಂದು ದಿನ ಪ್ಲಗ್ ಹಾಕಿದ. ಪೆಟ್ಟಿಗೆಯ ಮೇಲೆ ಸಾಲಾಗಿ ನಿಂತಿದ್ದ ಗಾಜಿನ ವಾಲ್ವುಗಳು ನಿಧಾನವಾಗಿ ಕೆಂಡದ ಬಣ್ಣಕ್ಕೆ ತಿರುಗಿದವು. ಮೊಬೈಲಿನಿಂದ ಒಂದು ನಾದಸ್ವರ ಕೊಟ್ಟು ಕೇಳಿದ. ಅಂಗಡಿಯ ಶಟರ್ ಅರ್ಧಕ್ಕೆ ಎಳೆದು ಇನ್ನೊಂದು ಸಲ ಕೇಳಿದ. ಅವತ್ತು ಅವನು ಊಟಕ್ಕೆ ಹೋಗಲಿಲ್ಲ.

ಆಮೇಲೆ ಹಳೆಯ ಪೆಟ್ಟಿಗೆಗಳು ಒಂದೊಂದಾಗಿ ಮನೆ ಸೇರತೊಡಗಿದವು. ಗುಜರಿಯಿಂದ ಒಂದು ಬಂತು, ಮುಚ್ಚಿದ ಟೆಂಟ್ ಸಿನಿಮಾದಿಂದ ಒಂದು, ಮಾಗಡಿಯ ಭಜನೆ ಮನೆಯ ಅಟ್ಟದಿಂದ ಇಲಿಗೂಡಿನ ಸಮೇತ ಇನ್ನೊಂದು. ಮೊದಲು ಅವನು ಮನೆಯ ಪಡಸಾಲೆಯಲ್ಲೇ ಕೂತು ಬೆಸುಗೆ ಹಾಕುತ್ತಿದ್ದ. ಪಕ್ಕದ ಕೋಣೆಯಲ್ಲಿ ಬೈರಮ್ಮನ ರೇಷ್ಮೆ ಹುಳು. ಹುಳು ಎರಡನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಸೊಪ್ಪಿಗೆ ಬಾಯಿ ಹಾಕುವ ಹೊತ್ತಿಗೆ ಬೆಸುಗೆಯ ಹೊಗೆ ಆ ಕಡೆ ಹೋಯಿತು. ಹುಳು ಸಾಯಲಿಲ್ಲ. ಆದರೆ ಬೈರಮ್ಮ ಬಾಗಿಲಲ್ಲಿ ಬಂದು ನಿಂತಳು.

"ನಮ್ಮನೇಲಿ ದೇವ್ರಿಗೂ ಊದ್‌ಬತ್ತಿ ಹಚ್ಚಾಕಿಲ್ಲ, ಹುಳಕ್ಕೆ ಆಗಾಕಿಲ್ಲ ಅಂತ. ನಿನ್ ಡಬ್ಬಕ್ಕೆ ಧೂಪ ಹಾಕ್ತಾ ಕೂತಿದ್ದೀಯಾ?"

"ಧೂಪ ಅಲ್ಲ ಕಣಮ್ಮಿ, ಸೋಲ್ಡರು."

"ಏನಾದ್ರೂ ಆಗ್ಲಿ. ತೋಟಕ್ ತಗೊಂಡೋಗು."

ಹೀಗೆ ಅವನ ಕಾರ್ಖಾನೆ ಹಿಪ್ಪುನೇರಳೆ ತೋಟದ ಮೋಟಾರ್ ಮನೆಗೆ ವರ್ಗವಾಯಿತು. ಗೊಬ್ಬರದ ಮೂಟೆಗಳನ್ನು ಒಂದು ಕಡೆಗೆ ಒತ್ತರಿಸಿ, ಹಳೆಯ ಬಾಗಿಲೊಂದನ್ನು ಇಟ್ಟಿಗೆಯ ಮೇಲೆ ಮಲಗಿಸಿ ಮೇಜು ಮಾಡಿಕೊಂಡ. ಅಲ್ಲಿ ಕರೆಂಟು ಬಂದಾಗ ಕೆಲಸ, ಹೋದಾಗ ಯೋಚನೆ. ತುಕ್ಕು ಹಿಡಿದ ತಗಡು ಉಜ್ಜಿ ಬಣ್ಣ ಹೊಡೆಯುತ್ತಿದ್ದ, ಒಣಗಿದ ಕಂಡೆನ್ಸರುಗಳನ್ನು ಬದಲಿಸುತ್ತಿದ್ದ, ಸುಟ್ಟ ಟ್ರಾನ್ಸ್‌ಫಾರ್ಮರುಗಳನ್ನು ಕೈಯಲ್ಲೇ ಸುತ್ತುತ್ತಿದ್ದ. ನಾಬುಗಳನ್ನು ಮಾತ್ರ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಮುಬಶ್ಶಿರ್ ಕಡೆದು ಕೊಡುತ್ತಿದ್ದ. ಆಲೆ ಮರದ ತುಂಡನ್ನು ಲೇಥಿಗೆ ಕೊಟ್ಟು, ತಿರುಗುವಾಗಲೇ ಅರಗು ಒತ್ತಿ ಬಣ್ಣ ಹಿಡಿಸಿದರೆ, ಬೊಂಬೆಯ ತಲೆಯಾಗಬೇಕಿದ್ದದ್ದು ವಾಲ್ಯೂಮಿನ ನಾಬ್ ಆಗುತ್ತಿತ್ತು.

ರಾಮನಗರದ ಮುನಿಶಾಮಯ್ಯನವರು ಅವನನ್ನು ಹುಡುಕಿಕೊಂಡು ಬಂದದ್ದು ಹೋದ ವರ್ಷ. ರೇಷ್ಮೆ ಹುರಿ ಮಾಡುವ ಖಾಸಗಿ ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು. ಕಾರ್ಖಾನೆ ಮುಚ್ಚಿದಾಗ ಅಲ್ಲಿ ಪಾಳಿ ಬದಲಾವಣೆ ಕೂಗಲು ಇಟ್ಟಿದ್ದ ವಾಲ್ವ್ ಆಂಪ್ಲಿಫೈಯರನ್ನು ಬೇರೆ ಯಾರೂ ಕೇಳದ ಕಾರಣ ಇವರು ಮನೆಗೆ ತಂದಿದ್ದರು.

"ಇದರಲ್ಲಿ ಕೊಳಲು ಕೇಳಬೇಕು ಅಂತ ಆಸೆ. ಆದರೆ ಗುಂಯ್ ಅಂತ ಒಂದು ಸದ್ದು ಬರುತ್ತೆ. ಅದೊಂದು ಹೋಗಲಿ, ಸಾಕು" ಎಂದರು.

ಗುಂಯ್ ಎನ್ನುವುದು ಇಂಥ ಪೆಟ್ಟಿಗೆಗಳ ಹುಟ್ಟುಗುಣ. ಕರೆಂಟಿನ ನಡುಕ ಎಲ್ಲೋ ಒಂದು ಕಡೆಯಿಂದ ನುಸುಳಿ ಸ್ಪೀಕರಿಗೆ ಬರುತ್ತದೆ. ಬಾಲರಾಜು ಪೆಟ್ಟಿಗೆಯನ್ನು ಮೋಟಾರ್ ಮನೆಗೆ ತಂದು ಹಾಕಿ ನೋಡಿದ. ಗುಂಯ್ ಇತ್ತು, ಮುಚ್ಚುಮರೆಯಿಲ್ಲದೆ ಇತ್ತು. ಕಂಡೆನ್ಸರುಗಳನ್ನೆಲ್ಲ ಬದಲಿಸಿದ, ಅರ್ತ್ ತಂತಿಗಳನ್ನು ಒಂದೇ ಕಡೆಗೆ ಸೇರಿಸಿದ, ವಾಲ್ವು ಉರಿಸುವ ತಂತಿಗಳನ್ನು ಜಡೆಯ ಹಾಗೆ ಹೆಣೆದ. ಸ್ಪೀಕರಿಗೆ ಕಿವಿ ಹಚ್ಚಿದರೆ ತೋಟದ ಜೀರುಂಡೆಯಷ್ಟೇ ಕೇಳಿಸಿತು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ರಾಮನಗರಕ್ಕೆ ಒಯ್ದು, ಅವರ ನಡುಮನೆಯಲ್ಲಿ ಹಚ್ಚಿದ.

ಮುನಿಶಾಮಯ್ಯ ಕಣ್ಣು ಮುಚ್ಚಿ ಕೇಳಿದರು. "ಚೆನ್ನಾಗಿದೆ. ಆದರೆ ಗುಂಯ್ ಹೋಗಿಲ್ಲ."

ಬಾಲರಾಜು ಕಿವಿಗೊಟ್ಟ. ಅವನಿಗೆ ಕೇಳಿಸಲಿಲ್ಲ. ಮುನಿಶಾಮಯ್ಯನವರ ಹೆಂಡತಿ ಅಂಕಮ್ಮ ಅಡುಗೆಮನೆಯಿಂದ, "ನನಗೇನೂ ಕೇಳಿಸ್ತಿಲ್ಲಪ್ಪ" ಎಂದರು.

"ಅವಳಿಗೆ ಕುಕ್ಕರ್ ಕೂಗಿದ್ದೂ ಕೇಳಿಸಲ್ಲ" ಎಂದರು ಮುನಿಶಾಮಯ್ಯ.

ಅದು ನಿಜವೂ ಆಗಿತ್ತು. ಬಾಲರಾಜು ತನ್ನ ಕಿವಿಯನ್ನೇ ಅನುಮಾನಿಸಿದ. ದಿನವಿಡೀ ಮೋಟಾರುಗಳ ನಡುವೆ ಕೂರುವವನ ಕಿವಿ ಎಷ್ಟು ನಂಬಿಕೆಯದು? ಪೆಟ್ಟಿಗೆಯನ್ನು ಮತ್ತೆ ಅಕ್ಕೂರಿಗೆ ತಂದ. ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ, ಪಕ್ಕಕ್ಕೆ ತಿರುಗಿಸಿ ಕೂರಿಸಿದ. ರಾಮನಗರಕ್ಕೆ ಒಯ್ದ. ಗುಂಯ್ ಹೋಗಿರಲಿಲ್ಲ. ಮನೆಯ ವೈರಿಂಗಿನ ತಪ್ಪಿರಬೇಕೆಂದು ಅವರ ಹಿತ್ತಿಲಲ್ಲಿ ಹೊಸ ಅರ್ತ್ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿದ. ಅಂಕಮ್ಮನ ಕನಕಾಂಬರದ ಗಿಡ ಒಂದು ಹೋಯಿತು, ಗುಂಯ್ ಹೋಗಲಿಲ್ಲ. ಹಿಂದಿನ ಬೀದಿಯಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಮನೆಯ ಮೋಟಾರಿನದಿರಬಹುದೆಂದು ಇಬ್ಬರೂ ಹೋಗಿ ಅದರ ಯಜಮಾನಿ ನಿಖಾತ್ ಅವರನ್ನು ಕೇಳಿಕೊಂಡರು. ಅವರು ಇವರ ಮುಖ ನೋಡಿ, ಮೋಟಾರು ನಿಲ್ಲಿಸಿದರು. ಮುನಿಶಾಮಯ್ಯ ಮನೆಗೆ ಹೋಗಿ ಕೇಳಿ, ಫೋನ್ ಮಾಡಿ, "ಇದೆ" ಎಂದರು. ನಿಖಾತ್ ಮೋಟಾರು ಹಚ್ಚಿಕೊಂಡರು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಬಾಲರಾಜು ಅದೇ ನಡುಮನೆಯಲ್ಲಿ ಪೆಟ್ಟಿಗೆಯ ತಳ ಬಿಚ್ಚಿ ಕೂತಿದ್ದಾಗ ಕರೆಂಟು ಹೋಯಿತು. ಫ್ಯಾನ್ ನಿಂತಿತು. ವಾಲ್ವುಗಳ ಕೆಂಪು ಆರತೊಡಗಿತು.

"ಈಗಲೂ ಬರ್ತಾ ಇದೆ" ಎಂದರು ಮುನಿಶಾಮಯ್ಯ.

"ಕಂಡೆನ್ಸರಲ್ಲಿ ಒಸಿ ಕರೆಂಟು ಉಳ್ಕೊಂಡಿರ್ತದೆ ಸಾರ್. ಇರಿ."

ಕಾದರು. ವಾಲ್ವುಗಳು ಕಪ್ಪಾದವು. ಬಾಲರಾಜು ಗಾಜು ಮುಟ್ಟಿ ನೋಡಿದ, ಬೆಚ್ಚಗಷ್ಟೇ ಇತ್ತು.

"ಈಗ ಸಾರ್?"

"ಇದೆ."

ಸ್ಪೀಕರಿನ ತಂತಿ ಕಿತ್ತ. "ಈಗ?"

"ಇದೆ."

ಬಾಲರಾಜು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಹೊರಗಿನ ಜಗಲಿಯ ಮೇಲೆ ಇಟ್ಟು, ಒಳಗೆ ಬಂದು ಬಾಗಿಲು ಮುಂದಕ್ಕೆ ಎಳೆದ. "ಈಗ ಸಾರ್?"

ಮುನಿಶಾಮಯ್ಯ ತಲೆ ಎತ್ತಿ ಫ್ಯಾನಿನ ಕಡೆ ನೋಡಿದರು. "ಫ್ಯಾನು ನಿಂತಿದೆಯಲ್ಲ, ಇನ್ನೂ ಒಂದು ಚೂರು ಜಾಸ್ತಿನೇ ಕೇಳ್ತಿದೆ" ಎಂದರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಂಕಮ್ಮ ಮಜ್ಜಿಗೆ ತಂದರು. ಕುಡಿದರು.

"ಮನೆಗೆ ತಗೊಂಡೋಗಿ ಇನ್ನೊಂದ್ ಸಲ ನೋಡ್ತೀನಿ ಸಾರ್" ಎಂದು ಹೇಳಿ, ಬಾಲರಾಜು ಯಾವ ತೊಂದರೆಯೂ ಇಲ್ಲದ ಪೆಟ್ಟಿಗೆಯನ್ನು ಹೊತ್ತುಕೊಂಡು ಬಸ್ ಹತ್ತಿದ.

"ಅದ್ಯಾಕ್ ಮತ್ತೆ ತಂದೆ?" ಎಂದು ಕೇಳಿದಳು ಬೈರಮ್ಮ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿ ತೊಳೆದು ಬಿಸಿಲಿಗೆ ಒರಗಿಸುತ್ತಿದ್ದಳು.

"ಸದ್ದು ಇದ್ರಲ್ಲಿಲ್ಲ ಕಣಮ್ಮಿ. ಅವ್ರ್ ಕಿವೀಲೈತೆ."

"ಹಂಗಂತ ಅವ್ರಿಗೆ ಹೇಳ್ದಾ?"

"ಇಲ್ಲ."

"ಪೆಟ್ಗೆ ಹೊತ್ಕೊಂಡ್ ಬಂದ್ಬುಟ್ಟೆ."

"ಹೂಂ."

ಬೈರಮ್ಮ ಇನ್ನೊಂದು ಚಂದ್ರಂಕಿ ಎತ್ತಿಕೊಂಡಳು. "ದೊಡ್ಡೋರಿಗೆ ಅಂಥದ್ನ ಹೆಂಗ್ ಹೇಳೋದು, ಅದೂ ನಿಜವೇ" ಎಂದಳು.

ಪೆಟ್ಟಿಗೆ ಮೋಟಾರ್ ಮನೆಯಲ್ಲಿ ಗೋಣಿಚೀಲ ಹೊದ್ದು ಕೂತಿತು. ಮುನಿಶಾಮಯ್ಯ ಆಗಾಗ ಫೋನ್ ಮಾಡಿ ಹೇಗಿದೆ ಎಂದು ಕೇಳುತ್ತಿದ್ದರು. ಬಾಲರಾಜು, ನೋಡ್ತಾ ಇವ್ನಿ ಸಾರ್, ಎನ್ನುತ್ತಿದ್ದ. ನೋಡುವುದೇನೋ ನೋಡುತ್ತಿದ್ದ, ಮೇಜಿನ ಈಚೆ ಕೂತು ಗೋಣಿಚೀಲವನ್ನೇ ನೋಡುತ್ತಿದ್ದ. ಒಂದು ಬೆಳಿಗ್ಗೆ ಅವರು ಬೇರೆ ಪ್ರಶ್ನೆ ಕೇಳಿದರು.

"ಬಾಲರಾಜು, ಪೆಟ್ಟಿಗೆ ನಿನ್ನ ಹತ್ತಿರ ಇದೆ ತಾನೆ?"

"ಐತೆ ಸಾರ್."

"ಇಲ್ಲಿ ಸದ್ದು ಬರ್ತಾನೇ ಇದೆ."

ಬಾಲರಾಜು ತೋಟದ ಕಡೆ ನೋಡಿದ. "ಗೊತ್ತು ಸಾರ್."

"ಯಾವಾಗಿಂದ ಗೊತ್ತು?"

"ಕರೆಂಟ್ ಹೋದಾಗಿಂದ."

"ನನಗೂ ಅವತ್ತಿಂದಲೇ" ಎಂದರು ಮುನಿಶಾಮಯ್ಯ.

ರಾಮನಗರದಲ್ಲೇ ಕಿವಿ ಡಾಕ್ಟರಿಗೆ ತೋರಿಸಿದರು. ಹುರಿ ಯಂತ್ರಗಳ ನಡುವೆ ಕಳೆದ ವರ್ಷಗಳು ಕಿವಿಯ ನರವನ್ನು ಸವೆಸಿವೆ, ಸದ್ದು ಹೊರಗಿನದಲ್ಲ, ನರವೇ ಹುಟ್ಟಿಸುತ್ತಿರುವುದು ಎಂದರು ಡಾಕ್ಟರು. ಪೂರ್ತಿ ತೆಗೆಯುವ ಔಷಧಿ ಇಲ್ಲ. ನಿಶ್ಶಬ್ದದಲ್ಲಿ ಕೂರಬೇಡಿ, ಹತ್ತಿರ ಏನಾದರೂ ಮೆಲ್ಲನೆಯ ಸದ್ದು ಇಟ್ಟುಕೊಳ್ಳಿ, ಆಗ ಅದು ಹಿಂದಕ್ಕೆ ಸರಿಯುತ್ತದೆ ಎಂದು ಹೇಳಿ ಕಳಿಸಿದರು. ಮನೆಗೆ ಬಂದ ಮೇಲೆ ಅಂಕಮ್ಮ, "ನಾನು ಮೊದಲಿಂದ ಹೇಳ್ತಿದ್ದೆ ಕೇಳಿಸ್ತಿಲ್ಲ ಅಂತ. ನಾನೇ ಕಿವುಡಿ ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದ್ರಿ" ಎಂದರಂತೆ.

ಮುನಿಶಾಮಯ್ಯ ಬಾಲರಾಜುವಿಗೆ ಫೋನ್ ಮಾಡಿದರು. "ಫ್ಯಾನ್ ಹಾಕ್ಕೊಂಡೆ, ರೇಡಿಯೋ ಹಾಕ್ಕೊಂಡೆ. ರೇಡಿಯೋದವರು ಮಾತಾಡಿ ಮಾತಾಡಿ ತಲೆ ತಿಂತಾರೆ. ಒಂದು ಕೇಳ್ತೀನಿ, ತಪ್ಪು ತಿಳೀಬೇಡ. ಆ ಪೆಟ್ಟಿಗೆ ಮೊದಲು ಗುಂಯ್ ಅಂತಿತ್ತಲ್ಲ, ಅದನ್ನ ವಾಪಸ್ ಹಾಕಿಕೊಡೋಕೆ ಆಗುತ್ತಾ?"

ಬಾಲರಾಜುವಿನ ವೈಂಡಿಂಗ್ ಅಂಗಡಿಗೆ ಅಷ್ಟು ವರ್ಷಗಳಲ್ಲಿ ಇದ್ದ ತೊಂದರೆ ತೆಗೆಯಿರಿ ಎಂದು ಜನ ಬಂದಿದ್ದರೇ ಹೊರತು, ತೆಗೆದದ್ದನ್ನು ಹಾಕಿ ಎಂದು ಯಾರೂ ಬಂದಿರಲಿಲ್ಲ. ಹೆಣೆದ ತಂತಿಗಳು, ತಿರುಗಿಸಿ ಕೂರಿಸಿದ ಟ್ರಾನ್ಸ್‌ಫಾರ್ಮರು ಎಲ್ಲ ಕಣ್ಣ ಮುಂದೆ ಬಂದವು.

"ನೋಡ್ತೀನಿ ಸಾರ್" ಎಂದ. ಈ ಸಲ ನಿಜವಾಗಿಯೂ ನೋಡಿದ.

ಮಾಡಿದ ಕೆಲಸವನ್ನು ಕೆಡಿಸಲು ಅವನಿಗೆ ಕೈ ಬರಲಿಲ್ಲ. ಬೇರೆ ದಾರಿ ಹಿಡಿದ. ವಾಲ್ವು ಉರಿಸುವ ಕರೆಂಟನ್ನು ಎರಡೂ ಕಡೆಗೆ ಸಮ ತೂಗುವಂತೆ ಒಂದು ಕಂಟ್ರೋಲ್ ಹಾಕಿದ. ತಕ್ಕಡಿ ಸಮ ಇದ್ದಾಗ ಗುಂಯ್ ಇರುವುದಿಲ್ಲ, ಒಂದು ಕಡೆಗೆ ವಾಲಿಸಿದರೆ ಬೇಕಾದಷ್ಟು ಬರುತ್ತದೆ. ಮೊದಲು ಬಂದ ಸದ್ದು ಒರಟಾಗಿತ್ತು, ಹಿಟ್ಟಿನ ಗಿರಣಿಯ ಹಾಗೆ. ಅದನ್ನು ಮೆದು ಮಾಡಲು ದಿನಗಟ್ಟಲೆ ಕೂತ. ಗುಂಯ್ ತೆಗೆಯುವುದಕ್ಕಿಂತ ಒಳ್ಳೆಯ ಗುಂಯ್ ಮಾಡುವುದು ಕಷ್ಟ ಎಂದು ಅವನಿಗೆ ಗೊತ್ತಾಯಿತು.

ಹೊಸ ಕಂಟ್ರೋಲಿಗೆ ನಾಬ್ ಬೇಕಿತ್ತು. ಮುಬಶ್ಶಿರ್ ಲೇಥ್ ನಿಲ್ಲಿಸಿ ಕೇಳಿದ, "ಇದು ಏನಕ್ಕೆ ಬಾಲರಾಜಣ್ಣ?"

"ಗುಂಯ್ ಅನ್ಸಕ್ಕೆ."

ಮುಬಶ್ಶಿರ್ ಸ್ವಲ್ಪ ಯೋಚಿಸಿ, "ಹಂಗಾದ್ರೆ ಹಸಿರು ಹಾಕ್ತೀನಿ" ಎಂದ. ಯಾಕೆ ಹಸಿರು ಎಂದು ಬಾಲರಾಜು ಕೇಳಲಿಲ್ಲ.

ಪೆಟ್ಟಿಗೆಯನ್ನು ರಾಮನಗರಕ್ಕೆ ಒಯ್ದ ದಿನ ಮುನಿಶಾಮಯ್ಯ ಆರಾಮ ಕುರ್ಚಿಯನ್ನು ಅದರ ಪಕ್ಕಕ್ಕೇ ಎಳೆದುಕೊಂಡರು. ವಾಲ್ವುಗಳು ಕೆಂಪಾದ ಮೇಲೆ ಹಸಿರು ನಾಬನ್ನು ತಾವೇ ತಿರುಗಿಸಿದರು. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ. ಒಂದು ಕಡೆ ಬೆರಳು ನಿಂತಿತು.

"ಹೋಯ್ತಾ ಸಾರ್?"

"ಹೋಗಿಲ್ಲ. ಇದರೊಳಗೆ ಸೇರಿಕೊಂಡಿದೆ. ಯಾವುದು ನಂದು, ಯಾವುದು ಪೆಟ್ಟಿಗೇದು ಅಂತ ಗೊತ್ತಾಗ್ತಿಲ್ಲ."

ಹಾಗೆಂದು ಕುರ್ಚಿಗೆ ಒರಗಿದರು. ಕೊಳಲು ಹಾಕುವ ಯೋಚನೆಯನ್ನು ಯಾರೂ ಮಾಡಲಿಲ್ಲ. ಬಾಲರಾಜು ಸ್ಕ್ರೂ ಡ್ರೈವರುಗಳನ್ನು ಚೀಲಕ್ಕೆ ತುಂಬುವಷ್ಟರಲ್ಲಿ ಅವರ ಬಾಯಿ ಅರ್ಧ ತೆರೆದು, ಗೊರಕೆ ಶುರುವಾಗಿತ್ತು.

ಅಂಕಮ್ಮ ಸ್ಪೀಕರಿನ ಮುಂದೆ ಬಂದು ತಲೆ ಬಗ್ಗಿಸಿ ಕೇಳಿದರು. ಬಹಳ ಹೊತ್ತು ಕೇಳಿದರು.

"ಇದೇನಾ ಇವರಿಗೆ ಕೇಳಿಸ್ತಿದ್ದದ್ದು?"

"ಹೆಚ್ಚೂ ಕಮ್ಮಿ ಇದೇ ಅಕ್ಕ."

"ಹಗಲೂ ರಾತ್ರಿಯಾ?"

"ಹಂಗೇ ಇರ್ಬೇಕು."

ಅವರು ಗಂಡನ ಕಡೆ ನೋಡಿದರು. ಮಡಿಲಿನಿಂದ ಜಾರುತ್ತಿದ್ದ ಪೇಪರನ್ನು ಎತ್ತಿ ಮಡಿಚಿ ಟೀಪಾಯಿಯ ಮೇಲೆ ಇಟ್ಟರು. "ನಾನು ಇನ್ನೂ ಜಗಳ ಆಡ್ತಿದ್ದೆ, ಕರೆದರೆ ಓಗೊಡಲ್ಲ ಅಂತ" ಎಂದರು. ಆಮೇಲೆ, "ಕೂತ್ಕೊಳಪ್ಪ, ಕಾಫಿ ಮಾಡ್ತೀನಿ. ಸದ್ದು ಮಾಡಬೇಡ" ಎಂದು ಒಳಗೆ ಹೋದರು.

ಬಾಲರಾಜು ಕೂತ. ಒಬ್ಬರು ನಿದ್ದೆ ಹೋಗಲಿ ಎಂದು ಅವನು ಈವರೆಗೆ ಯಾವ ಪೆಟ್ಟಿಗೆಯನ್ನೂ ಮಾಡಿರಲಿಲ್ಲ. ಕಾಫಿ ಬರುವವರೆಗೆ ಏನು ಮಾಡುವುದೆಂದು ತಿಳಿಯದೆ ಗೊರಕೆಯನ್ನೂ ಗುಂಯ್ ಅನ್ನೂ ಕೇಳುತ್ತ ಕೂತಿದ್ದು, ಕುಡಿದಾದ ಮೇಲೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಗೇಟು ದಾಟಿ, ಬೀದಿಯಲ್ಲಿ ಮೆಟ್ಟಿಕೊಂಡು, ಬಸ್ ಸ್ಟ್ಯಾಂಡಿನ ಕಡೆಗೆ ನಡೆದ.