ಬೆರಳು ಸೋತ ಮೇಲೆ ಟಿವಿಯೊಡನೆ ಮಾತು

ಟವೆಲ್ ಕೆಳಗೆ ನನ್ನ ಬೆರಳು ನನಗೇ ಕೈಕೊಟ್ಟಿತು.

ನಾನು ಎತ್ತಿನ ದಳ್ಳಾಳಿ. ಊರು ಮಾಂಬಳ್ಳಿ. ನಮ್ಮ ಕಸುಬಿನಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಬಲಗೈ ಮೇಲೆ ಟವೆಲ್ ಮುಚ್ಚಿ, ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಒತ್ತಿದರೆ ಅದೇ ಲೆಕ್ಕ. ಸುತ್ತ ನಿಂತವರಿಗೆ ತಿಳಿಯಬಾರದು. ಆ ದಿನ ಸಂತೆಯಲ್ಲಿ, ಎತ್ತು ಕೊಳ್ಳಲು ಬಂದಿದ್ದ ಧನಗೆರೆಯ ನಂಜಪ್ಪನ ಬೆರಳು ಒತ್ತಿದೆ. ಒತ್ತಿದೆ ಅಂದುಕೊಂಡೆ.

"ಏನ್ ಬಸಣ್ಣ, ಇಷ್ಟ್ ಸಡ್ಲ ಇಡ್ಕಂಡಿದ್ದೀಯ? ನನ್ ತಾವೇ ಆಟ ಕಟ್ಟೀಯ?" ಎಂದ.

ಸಡಿಲ ಹಿಡಿತ ನಮ್ಮಲ್ಲಿ ಹಳೆಯ ತಂತ್ರ. ವ್ಯಾಪಾರ ಕುದುರದಿದ್ದರೂ ಚಿಂತೆಯಿಲ್ಲ ಎಂದು ತೋರಿಸುವುದು. ಕೈ ಜೋಮು ಹಿಡಿದಿದೆ ಎಂದು ನನಗೆ ಗೊತ್ತಿತ್ತು, ಆದರೂ ಅವನು ತಂತ್ರವೆಂದೇ ತಿಳಿಯಲಿ, ಬೆಲೆ ಏರಲಿ ಎಂದು ಕೈ ತೆಗೆಯದೆ ನಿಂತೆ. ಅವನೂ ಬಿಡಲಿಲ್ಲ. ಹೀಗೆ ಇಬ್ಬರು ಜಾಣರು ಸೇರಿ, ಆಸ್ಪತ್ರೆಗೆ ಓಡಬೇಕಾದ ಹೊತ್ತನ್ನು ಚೌಕಾಸಿಯಲ್ಲಿ ಕಳೆದೆವು.

ಟವೆಲ್ ತೆಗೆದಾಗ ಕೈ ಜೋತುಬಿತ್ತು.

ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತಂತೆ. ಕೊಳ್ಳೇಗಾಲದಲ್ಲಿ ಬಿಪಿ ನೋಡಿ ಮೈಸೂರಿಗೆ ಕಳಿಸಿದರು. ಸಿಟಿ ಸ್ಕ್ಯಾನ್ ಆಯಿತು. "ಸ್ಟ್ರೋಕ್. ಬಲಗೈಗೂ ಮಾತಿಗೂ ಪೆಟ್ಟು ಬಿದ್ದಿದೆ. ಇನ್ನೂ ಬೇಗ ಬರಬೇಕಿತ್ತು," ಎಂದರು ಡಾಕ್ಟರ್. ಓದುವವರಿಗೆ ನನ್ನ ಮೊದಲ ಬುದ್ಧಿಮಾತು ಇದೇ: ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ.

ಮನೆಗೆ ಬಂದೆ. ಕಾಲನ್ನು ಹೇಗೋ ಎಳೆದುಕೊಂಡು ನಡೆಯುತ್ತಿದ್ದೆ. ಬಲಗೈ ಬೇರೆ ಯಾರದೋ ಕೈಯಂತೆ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಎಡಗೈಯನ್ನು ಟವೆಲ್ ಕೆಳಗೆ ಯಾರೂ ಹಿಡಿಯುವುದಿಲ್ಲ, ಅದು ಅಪಶಕುನ. ಇನ್ನು ಉಳಿದದ್ದು ಬಾಯಿ. ಬಾಯಿಯೂ ಹೋದರೆ ಬಸಣ್ಣ ದಳ್ಳಾಳಿಯಲ್ಲ, ಜಗಲಿಯ ಮೇಲೆ ಕೂತ ಒಬ್ಬ ಮುದುಕ. ಈ ಯೋಚನೆ ಕೂರಲು ಬಿಡುತ್ತಿರಲಿಲ್ಲ, ಮಲಗಲು ಬಿಡುತ್ತಿರಲಿಲ್ಲ.

ಹೊತ್ತು ಕಳೆಯಲು ಟಿವಿ. ಎಡಗೈಗೆ ರಿಮೋಟ್ ಒಗ್ಗುತ್ತಿರಲಿಲ್ಲ. ಒಂದು ಬಟನ್ ಒತ್ತಲು ಹೋದರೆ ಇನ್ನೊಂದು, ಆಮೇಲೆ ರಿಮೋಟೇ ನೆಲಕ್ಕೆ. ಈ ಟಿವಿ ಕೊಂಡಾಗ ಅದರ ಜೊತೆ ಮೈಕ್ ಇರುವ ರಿಮೋಟ್ ಇತ್ತು. ಮಾತಾಡಿದರೆ ಚಾನೆಲ್ ಬರುತ್ತದೆ ಎಂದಿದ್ದ ಕೊಳ್ಳೇಗಾಲದ ಅಂಗಡಿಯವನು. "ಟಿವಿ ಜೊತೆ ಮಾತಾಡಾಕೆ ನಂಗೇನ್ ಉಚ್ಚಾ? ಅದ್ನ ನೀನೇ ಮಡೀಕ, ಬದ್ಲಿಗೆ ಸಾದಾ ರಿಮೋಟು, ಗೋಡೆ ಸ್ಟ್ಯಾಂಡು ಕೊಡು," ಎಂದು ಸ್ಟ್ಯಾಂಡ್ ಗಿಟ್ಟಿಸಿದ್ದೆ. ದೊಡ್ಡ ಗೆಲುವು ಎಂದು ಊರೆಲ್ಲ ಹೇಳಿಕೊಂಡಿದ್ದೆ.

ಯಳಂದೂರಿನಲ್ಲಿರುವ ಮಗಳು ಸವಿತಾ ಅದೇ ಅಂಗಡಿಗೆ ಹೋಗಿ ಮೈಕ್ ರಿಮೋಟ್ ಕೊಂಡು ತಂದಳು.

"ಮನುಷ್ಯರ್ಗೇ ತಿಳೀದ ಮಾತು ಇದಕ್ಕೆ ತಿಳಿದದಾ?" ಎಂದೆ. ಅಂದರೆ, ಹಾಗೆ ಅನ್ನಲು ಹೆಣಗಿದೆ.

"ತಿಳೀಗಂಟ ಯೋಳು ಕಣಪ್ಪ," ಎಂದಳು.

ಟಿವಿಗೆ ತಿಳಿಯಲಿಲ್ಲ. "ಇನ್ನೊಮ್ಮೆ ಹೇಳಿ" ಎಂದು ಪರದೆಯ ಮೇಲೆ ಬಂತು. ಹೇಳಿದೆ. ಇನ್ನೊಮ್ಮೆ. ಕಿರುಚಿದೆ. ಒಳಗಿಂದ ಹೆಂಡತಿ ಪುಟ್ಟತಾಯಮ್ಮ ಕೂಗಿದಳು: "ಯಾಕ್ರೀ ಅಂಗೆ ಅಬ್ಬರಿಸೀರಿ? ಅದೇನು ಎತ್ತಾ, ಬೆದ್ರಿ ಓಡಾಕೆ?"

ರಿಮೋಟ್ ಬಿಸಾಕಿದೆ. ಎಡಗೈಯಲ್ಲಿ ಬಿಸಾಕಿದ್ದು, ಮಂಚದ ತುದಿಯನ್ನೂ ದಾಟಲಿಲ್ಲ.

ಸ್ಪೀಚ್ ಥೆರಪಿಯ ಮೇಡಂಗೆ ಸವಿತಾ ಇದನ್ನೆಲ್ಲ ದೂರಿದಾಗ ಅವರು ನಕ್ಕುಬಿಟ್ಟರು. "ಮನೆಯವರು ಅರ್ಧ ಮಾತಿಗೇ ಎಲ್ಲಾ ತಂದ್ಕೊಟ್ರೆ ನಾಲಿಗೆ ಯಾಕೆ ಕಷ್ಟಪಡುತ್ತೆ? ಟಿವಿ ಕಷ್ಟ ಕೊಡ್ತಿದ್ಯಲ್ಲ, ಕೊಡ್ಲಿ ಬಿಡಿ."

ನಿಜವೇ. ನಾನು "ನೀ" ಅನ್ನುವಷ್ಟರಲ್ಲಿ ಪುಟ್ಟತಾಯಮ್ಮ ನೀರು ಹಿಡಿದು ನಿಂತಿರುತ್ತಿದ್ದಳು. ಅವಳದು ಕರುಣೆ. ಟಿವಿಗೆ ಕರುಣೆಯಿಲ್ಲ. ಮಾತು ಪೂರ್ತಿ ತೂಗದಿದ್ದರೆ ಅದು ಮಾಲು ಕೊಡದು. ಜೀವಮಾನವೆಲ್ಲ ಇಂಥ ಗಿರಾಕಿಗಳ ಜೊತೆಗೇ ಬಾಳಿದವನು ನಾನು, ಹಟ ಹಿಡಿದೆ. ಕಿರುಚುವುದು ಬಿಟ್ಟು ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೊರಳಿಸಿ ಹೊರಗಿಟ್ಟೆ.

ಒಂದು ಮಧ್ಯಾಹ್ನ "ಸೌಂಡ್ ಕಮ್ಮಿ ಮಾಡು" ಎಂದೆ.

ಕಮ್ಮಿಯಾಯಿತು.

ಅಡುಗೆಮನೆಯಲ್ಲಿ ಪಾತ್ರೆ ಸದ್ದೂ ನಿಂತಿತು. ಪುಟ್ಟತಾಯಮ್ಮ ಬಾಗಿಲಿಗೆ ಬಂದು ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು.

ಹಾಗಾದರೆ ಎಲ್ಲರೂ ಮಾತು ಕೇಳುವ ಟಿವಿ ಕೊಳ್ಳಬೇಕೇ? ಕೈ ನೆಟ್ಟಗಿರುವವರು ಅದಕ್ಕೆಂದೇ ಹೆಚ್ಚು ದುಡ್ಡು ತೆರಬೇಡಿ. ನೆಟ್ ಹೋದರೆ ಅದು ಕಿವುಡು. ಬಟನ್ನೇ ಬೇಗ. ಮನೆಯಲ್ಲಿ ಕೈ ಸೋತವರು, ಕಣ್ಣು ಮಂಜಾದವರು ಇದ್ದರೆ ಮಾತ್ರ ಹಿಂದೆಮುಂದೆ ನೋಡಬೇಡಿ. ಅಂಗಡಿಯವನು ಮಾತಾಡಿ ತೋರಿಸಿದರೆ ನಂಬಬೇಡಿ. ಕಾಯಿಲೆಯವರ ಬಾಯಲ್ಲೇ, ನಮ್ಮ ಸೀಮೆಯ ಮಾತಲ್ಲೇ ಆಡಿಸಿ ನೋಡಿ. ಬಟನ್ ರಿಮೋಟನ್ನೂ ಕೇಳಿ ಇಸಿದುಕೊಳ್ಳಿ.

ಮೊನ್ನೆ ನಂಜಪ್ಪ ಬಂದ. ಎತ್ತಿನ ಜೋಡಿ ಬೇಕಿತ್ತು. ಹೆಗಲ ಟವೆಲ್ ತೆಗೆದವನು ನನ್ನ ಬಲಗೈ ನೋಡಿ ಮತ್ತೆ ಹೆಗಲಿಗೇ ಹಾಕಿಕೊಂಡ. ಹಾಗೇ ಎದ್ದು ಹೋಗುತ್ತಾನೆ ಎನ್ನಿಸಿತು. ಜಗಲಿಯಲ್ಲಿ ನಾಲ್ಕಾರು ಜನ ಕಿವಿ ನೆಟ್ಟು ಕೂತಿದ್ದರು.

"ಬಾಯಲ್ಲೇ ಯೋಳ್ತೀನಿ, ಕೂತ್ಕ," ಎಂದೆ.

"ಬಾಯಲ್ಲಾ? ಊರ್ಗೆಲ್ಲಾ ಕೇಳ್ತದಲ್ಲೋ!"

ಎಡಗೈಯಲ್ಲಿ ಟಿವಿಯ ಮೈಕ್ ರಿಮೋಟ್ ಹಿಡಿದೆ. ಒಂದೊಂದೇ ಅಕ್ಷರ. "ಸೌಂಡ್ ಜಾಸ್ತಿ ಮಾಡು." ಏರಿತು. ಮತ್ತೆ ಹೇಳಿದೆ. ಮತ್ತೂ ಏರಿತು. ಜಗಲಿಯವರು ಕಿವಿ ಮುಚ್ಚಿಕೊಂಡರು. "ಏನ್ರೀ ಇದು ಗಲಾಟೆ!" ಎಂದು ಪುಟ್ಟತಾಯಮ್ಮ ಒಳಗಿಂದ ಅರಚುತ್ತಿದ್ದಳು.

ನಂಜಪ್ಪನಿಗೆ ಅರ್ಥವಾಯಿತು. ನಕ್ಕು, ಬಗ್ಗಿ, ತನ್ನ ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದ.

ಬಲಗೈ ಇನ್ನೂ ಬಂದಿಲ್ಲ. ಬರುತ್ತದೋ ಇಲ್ಲವೋ ಫಿಸಿಯೋಥೆರಪಿಯವರೂ ಹೇಳುತ್ತಿಲ್ಲ. ಸದ್ಯಕ್ಕೆ ಇಷ್ಟು ದಕ್ಕಿದೆ. ನಂಜಪ್ಪನ ಕಿವಿಯಲ್ಲಿ ಬೆಲೆ ಹೇಳಿದೆ. ನಾಲಿಗೆ ತೊದಲಿತು, ಅವನಿಗೆ ಪೂರ್ತಿ ತಿಳಿಯಿತು.

ತಿಳಿದ ಗುರುತು: ಅವನು ತಲೆ ಅಲ್ಲಾಡಿಸಿ, ಬೆಲೆ ಇಳಿಸು ಎಂದು ಜಗಳಕ್ಕೆ ನಿಂತ.