ಚರಂಡಿಯ ಮೇಲಿನ ತುಳಸಿ ಕಟ್ಟೆ

ಮಳೆಯ ನೀರು ನೆರೆಮನೆಯ ಹೊಸ್ತಿಲು ದಾಟಿ ನುಗ್ಗುತ್ತಿತ್ತು. ಒಳಗೆ ಮೂರು ದಿನದ ಬಾಣಂತಿಯಿದ್ದಳು. ಎಂಬತ್ತರ ದಶಕ, ರಾಯಚೂರಿನ ಹೊಸ ಬಡಾವಣೆಯಲ್ಲಿ ನಮ್ಮ ಮೊದಲ ಮಳೆಗಾಲ. ಅಂಗಳ ಸಾಲದೆಂದು ನಾನು ಮನೆಯ ಮುಂದಿನ ಬೀದಿ ಚರಂಡಿಗೆ ಚಪ್ಪಡಿ ಹಾಸಿ, ಅದರ ಮೇಲೆಯೇ ತುಳಸಿ ಕಟ್ಟೆ ಕಟ್ಟಿಸಿದ್ದೆ.

ನಗರಸಭೆಯ ಕೆಲಸಗಾರ ಹಾರೆ ಹಿಡಿದು ಕಟ್ಟೆಯ ಮುಂದೆ ನಿಂತಿದ್ದ. "ಕಸ ಇದರ ಬುಡಕ ಸಿಕ್ಕೊಂಡದರಿ, ಆಚಾರ್ರ. ಒಡೀಲಿಲ್ಲಂದ್ರ ನೀರು ಹೋಗಂಗಿಲ್ಲ. ಆದ್ರ ಇದಕ್ಕ ಹಾರಿ ಹಾಕಾಕ ನನ್ನ ಕೈ ಏಳವಲ್ದು."

ನಿತ್ಯ ಪೂಜಿಸಿದ ಕಟ್ಟೆಯನ್ನು ಒಡೆಸಲು ನನಗೂ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಬಾಣಂತಿಯ ಅತ್ತೆ, ದೇವದುರ್ಗದ ಕಡೆಯಿಂದ ಕೂಲಿಗೆ ಬಂದಿದ್ದ ದುರ್ಗಮ್ಮ, ಕೂಸನ್ನು ಎದೆಗವಚಿಕೊಂಡು ಹೊರಗೆ ಬಂದಳು.

"ದೇವರ ಕಟ್ಟಿ ಮುಟ್ಟಬ್ಯಾಡ್ರಿ ಯಪ್ಪಾ. ನಾವ ಬ್ಯಾರೆ ಕಡಿ ಹೋಗ್ತೀವಿ."

ಆ ಮಳೆಯಲ್ಲಿ ಹಸುಗೂಸಿನೊಡನೆ ಎಲ್ಲಿಗೆ? ತುಳಸಿಯನ್ನು ಬೇರುಸಹಿತ ಎತ್ತಿ ಒಳಗಿಟ್ಟೆ. ಕಟ್ಟೆಗೆ ಕೈಮುಗಿದು, ಹಾರೆಯನ್ನು ನಾನೇ ಇಸಿದುಕೊಂಡೆ. ಕಟ್ಟೆ, ಚಪ್ಪಡಿ ಎರಡನ್ನೂ ಒಡೆದು ಕಸ ಎಳೆದೊಡನೆ ನೀರು ಭೋರೆಂದು ಹರಿದುಹೋಯಿತು.

ಯಾರನ್ನೂ ಕೇಳದೆ ಎಲ್ಲರ ಚರಂಡಿಯ ಮೇಲೆ ದೇವರನ್ನು ಕೂರಿಸಿದವನು ನಾನು. ಆ ದೇವರಿಗಾಗಿ ಮನೆ ಬಿಡಲು ಸಿದ್ಧಳಾದವಳು ದುರ್ಗಮ್ಮ. ನಮ್ಮಿಬ್ಬರಲ್ಲಿ ಭಕ್ತರು ಯಾರೆಂದು ಅಂದಿನಿಂದ ನನಗೆ ಸಂದೇಹ ಉಳಿದಿಲ್ಲ.